ಪಟ್ಟನೆ ನಿಂತಿತೋ, ಗೊಣಗಿ ನಿಂತಿತೋ?

ಭಾನುವಾರ ಬೆಳಗಿನ ಜಾವ ಐದಕ್ಕೆ ಕೋಗಿಲು ಕ್ರಾಸಿನಲ್ಲಿ ನಿಂತವರಿಗೆ ಗೊತ್ತು: ನಂದಿ ಬೆಟ್ಟದ ಸೂರ್ಯೋದಯಕ್ಕೆ ಹೊರಟ ಬೈಕು ಕಾರುಗಳ ನಡುವೆ ಒಂದೆರಡು ಹಳೆಯ ಗಾಡಿಗಳೂ ಇರುತ್ತವೆ. ಟಾರ್ಪಾಲು ಹೊದಿಕೆಯ ಮಹೀಂದ್ರ ಜೀಪು, ಹಸಿರು ಮಾಸಿದ ಜೋಂಗಾ, ಎತ್ತರಿಸಿದ ಜಿಪ್ಸಿ. ಬಳ್ಳಾರಿ ರಸ್ತೆಯ ಸಪಾಟಿನಲ್ಲಿ ಎಲ್ಲವೂ ಲಕ್ಷಣವಾಗಿ ಓಡುತ್ತವೆ. ಚಿಕ್ಕಜಾಲ, ದೇವನಹಳ್ಳಿ, ಕಾರಹಳ್ಳಿ ಕ್ರಾಸ್ ಕಳೆದು ಬೆಟ್ಟದ ತಿರುವುಗಳು ಸಿಕ್ಕ ಮೇಲೆ ಕೆಲವಕ್ಕೆ ಉಸಿರು ಕಟ್ಟುತ್ತದೆ. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿದು ಕೊನೆಗೆ ರಸ್ತೆಯಂಚಿಗೆ ಸರಿದು ನಿಲ್ಲುತ್ತವೆ. ಬಾನೆಟ್ಟು ಮೇಲೇಳುತ್ತದೆ. ಹಾಗೆ ಬಾನೆಟ್ಟು ಎತ್ತಿಕೊಂಡು ನಿಂತವರಲ್ಲಿ ನಾನೂ ಒಬ್ಬ, ಒಂದು ಸಲವಲ್ಲ, ನಾಲ್ಕು ಸಲ.

ಗ್ಯಾರೇಜಿನ ಮಾತಿನಲ್ಲಿ ಈ ಕಾಯಿಲೆಗೆ ಎರಡೇ ಹೆಸರು: ‘ಪಿಕಪ್ ಇಲ್ಲ’, ‘ಆಫ್ ಆಗ್ತದೆ’. ಈ ಎರಡು ದೂರುಗಳ ಹಿಂದೆ ಇಪ್ಪತ್ತು ಕಾರಣಗಳಾದರೂ ಇರಬಹುದು. ಅವುಗಳಲ್ಲಿ ಹತ್ತು ಹೊರಗಿನಿಂದ ನೋಡಲು ಒಂದೇ ತರಹ. ಅದಕ್ಕೇ ಊಹೆಯ ಮೇಲೆ ಸಾಮಾನು ಬದಲಿಸುವ ಪದ್ಧತಿ ಬೇರೂರಿದೆ. ಕಾಯಿಲ್ ಹಾಕು, ಆಗಲಿಲ್ಲವೇ, ಕಾರ್ಬ್ಯುರೇಟರ್ ಕಿಟ್ ಹಾಕು, ಅದೂ ಆಗಲಿಲ್ಲವೇ, ಹೆಡ್ಡು ಇಳಿಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಒಳ್ಳೆಯ ಪೆಟ್ರೋಲ್ ಎಂಜಿನ್ನುಗಳು ಗುಜರಿಗೆ ಹೋಗಿ, ಆ ಜಾಗಕ್ಕೆ ಯಾವುದೋ ಡೀಸೆಲ್ ಎಂಜಿನ್ನು ಬಂದು ಕುಳಿತ ಜೀಪುಗಳನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಎಷ್ಟರ ಎಂಜಿನ್ನು ನಿಜಕ್ಕೂ ಸತ್ತಿತ್ತು ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ. ಈ ಕಾಯಿಲೆಯಲ್ಲಿ ಎಂಜಿನ್ನು ತಾನೇ ಕೆಟ್ಟಿರುವುದು ಕಡಿಮೆ, ಅದಕ್ಕೆ ಸಿಗಬೇಕಾದದ್ದು ಸಿಗದಿರುವುದೇ ಹೆಚ್ಚು. ಅದನ್ನು ಪತ್ತೆ ಮಾಡಲು ದುಬಾರಿ ಉಪಕರಣ ಬೇಕಿಲ್ಲ. ಪರೀಕ್ಷೆಯ ಕ್ರಮ ಗೊತ್ತಿರಬೇಕು.

ಮೊದಲು ಗಾಡಿಗಳ ಕುಲಗೋತ್ರ ತಿಳಿಯಬೇಕು, ಏಕೆಂದರೆ ಒಂದೊಂದರ ದುರ್ಬಲ ಜಾಗ ಒಂದೊಂದು ಕಡೆ. ನಮ್ಮ ಜೀಪುಗಳ ಮೂಲಪುರುಷ ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ. 2.2 ಲೀಟರಿನ ನಾಲ್ಕು ಸಿಲಿಂಡರ್, ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲಿ, ಶಕ್ತಿ 60 ಅಶ್ವಶಕ್ತಿ, ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ. 1945ರಲ್ಲಿ ಹುಟ್ಟಿದ ಮಹೀಂದ್ರ ಸಂಸ್ಥೆ ಆ ದಶಕದ ಕೊನೆಯ ಹೊತ್ತಿಗೆ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಮುಂದೆ ಬಂದ ಸಿಜೆ 3ಬಿ ಮಾದರಿಯೇ ನಮ್ಮ ಕಾಫಿ ತೋಟಗಳಲ್ಲಿ, ಅರಣ್ಯ ಇಲಾಖೆಯಲ್ಲಿ, ಪೊಲೀಸ್ ಠಾಣೆಗಳ ಮುಂದೆ ದಶಕಗಟ್ಟಲೆ ಕಂಡ ಎತ್ತರದ ಬಾನೆಟ್ಟಿನ ಜೀಪು. ಬಾನೆಟ್ಟು ಎತ್ತರವಾದದ್ದು ಅಂದಕ್ಕಲ್ಲ. ಹೊಸ ಎಂಜಿನ್ನಿನಲ್ಲಿ ಒಳಬರುವ ವಾಲ್ವುಗಳನ್ನು ಹೆಡ್ಡಿಗೆ ಏರಿಸಿದ್ದರಿಂದ ಎಂಜಿನ್ನಿನ ಎತ್ತರವೇ ಹೆಚ್ಚಿತು. ಅಮೆರಿಕದಲ್ಲಿ 1953ರಿಂದ 1968ರ ತನಕ ತಯಾರಾದ ಆ ಮಾದರಿ, ಅಲ್ಲಿ ನಿಂತ ಮೇಲೂ ಇಲ್ಲಿ ಬಹುಕಾಲ ಬಾಳಿತು. ಆಮೇಲೆ ಡೀಸೆಲ್ಲಿನ ಕಾಲ. 1980ರ ದಶಕದ ಎಂಎಂ 540ರಲ್ಲಿ ಪ್ಯೂಜೋ ಮೂಲದ 2.1 ಲೀಟರ್ ಡೀಸೆಲ್ ಕೂತಿತು. 1985ರಲ್ಲಿ ಮಾರುತಿ ಜಿಪ್ಸಿ 970 ಸಿಸಿ ಕಾರ್ಬ್ಯುರೇಟರ್ ಎಂಜಿನ್ನಿನೊಂದಿಗೆ ಬಂತು. 1996ರಲ್ಲಿ ಅದಕ್ಕೆ 1.3 ಲೀಟರ್, 2000ದ ಹೊತ್ತಿಗೆ ಇಂಜೆಕ್ಷನ್. ಇನ್ನು ಜೋಂಗಾ: ಜಬಲ್ಪುರದ ಕಾರ್ಖಾನೆಯಲ್ಲಿ ಸೈನ್ಯಕ್ಕಾಗಿ ತಯಾರಾದ ನಿಸಾನ್ ಪ್ಯಾಟ್ರೋಲ್ ಮಾದರಿ, ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್. ಸೈನ್ಯದ ಹರಾಜಿನಿಂದ ನಾಗರಿಕರ ಕೈಗೆ ಬಂದದ್ದು.

ಈ ಎಲ್ಲ ಗಾಡಿಗಳಿಗೂ ಅನ್ವಯಿಸುವ ಮೊದಲ ಪ್ರಶ್ನೆ ವಿಚಿತ್ರವೆನಿಸಬಹುದು: ಕಳೆದುಹೋದ ಶಕ್ತಿ ಎಂಜಿನ್ನಿನದೇ ಹೌದೇ? ಬ್ರೇಕು ಹಿಡಿದುಕೊಂಡಿದ್ದರೆ, ಕ್ಲಚ್ ಜಾರುತ್ತಿದ್ದರೆ, ಅಳತೆಗೆ ಮೀರಿದ ದೊಡ್ಡ ಟೈರು ಹಾಕಿಸಿದ್ದರೆ, ನಾಲ್ಕು ಚಕ್ರದ ಲಿವರ್ ಡಾಂಬರು ರಸ್ತೆಯಲ್ಲೂ ಒಳಗೇ ಉಳಿದಿದ್ದರೆ ಗಾಡಿ ಭಾರವಾಗುತ್ತದೆ, ಬೈಗುಳ ಎಂಜಿನ್ನಿಗೆ ಬೀಳುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಇಳಿದು ನಾಲ್ಕೂ ಚಕ್ರದ ಹಬ್ಬಿನ ಹತ್ತಿರ ಕೈ ಒಡ್ಡಿ ನೋಡಿ. ಒಂದು ಮಾತ್ರ ಕಾದಿದ್ದರೆ ಅಲ್ಲಿಗೇ ಉತ್ತರ ಸಿಕ್ಕಿತು. ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬ್ರೇಕು ಬಿಟ್ಟರೆ ಗಾಡಿ ತಾನಾಗಿ ಉರುಳಬೇಕು. ಎಂಜಿನ್ನಿನ ಸದ್ದು ಏರುತ್ತಿದ್ದು ಗಾಡಿಯ ವೇಗ ಏರದಿದ್ದರೆ ಅದು ಕ್ಲಚ್ಚು. ಐದು ನಿಮಿಷದ ಈ ಪರೀಕ್ಷೆ ಬಿಟ್ಟು ನೇರ ಕಾರ್ಬ್ಯುರೇಟರಿಗೆ ಕೈಹಾಕಿದವರು ಬಹಳ ಮಂದಿ.

ಎರಡನೆಯ ಪ್ರಶ್ನೆಯನ್ನು ನನಗೆ ಕಲಿಸಿದವರು ಬಾಗಲೂರು ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ನಾವೆಲ್ಲ ಅವರನ್ನು ಭಾಯ್ ಎಂದೇ ಕರೆಯುವುದು. ನನ್ನ ಜೀಪು 1970ರ ದಶಕದ ಪೆಟ್ರೋಲ್ ಸಿಜೆ 3ಬಿ. ಕೋಗಿಲಿನ ಒಳಗೆ, ಯಲಹಂಕ ಸಂತೆಗೆ, ಜಕ್ಕೂರಿಗೆ ಏನೂ ತಕರಾರಿಲ್ಲದೆ ಓಡುತ್ತಿತ್ತು. ಬೆಟ್ಟ ಹತ್ತುವಾಗ ಮಾತ್ರ ಸಾಯುತ್ತಿತ್ತು. ಅದಕ್ಕೂ ಮೊದಲು ಬೇರೊಂದು ಗ್ಯಾರೇಜಿನಲ್ಲಿ ಕಾಯಿಲ್, ಕಂಡೆನ್ಸರ್, ಪಾಯಿಂಟ್, ಪ್ಲಗ್ಗು, ಕಾರ್ಬ್ಯುರೇಟರ್ ಕಿಟ್ ಎಲ್ಲ ಹೊಸದಾಗಿತ್ತು. ಸಿಲಿಂಡರುಗಳನ್ನು ಬೋರ್ ಮಾಡಿಸಬೇಕು ಎನ್ನುವ ಮಾತೂ ಬಂದಿತ್ತು. ಭಾಯ್ ಬಾನೆಟ್ಟು ತೆಗೆಯಲಿಲ್ಲ. ಕೇಳಿದ್ದು ಇಷ್ಟೇ: “ಹೆಂಗೆ ನಿಂತ್ಕೊಂತು ಸಾರ್? ಪಟ್ ಅಂತ ನಿಂತ್ಕೊಂತಾ, ಗೊಣಗಿ ಗೊಣಗಿ ನಿಂತ್ಕೊಂತಾ?”

ಈ ಒಂದು ಪ್ರಶ್ನೆಯಲ್ಲಿ ಅರ್ಧ ಪತ್ತೆ ಮುಗಿಯುತ್ತದೆ. ಕಿಡಿ ಕೈಕೊಟ್ಟರೆ ಎಂಜಿನ್ನು ಸ್ವಿಚ್ಚು ಆರಿಸಿದ ಹಾಗೆ ಪಟ್ಟನೆ ನಿಲ್ಲುತ್ತದೆ. ಸೈಲೆನ್ಸರಿನಲ್ಲಿ ಒಂದೆರಡು ಪಟಾಕಿ ಸದ್ದೂ ಬರಬಹುದು. ಪೆಟ್ರೋಲು ಕೈಕೊಟ್ಟರೆ ಹಾಗಲ್ಲ. ಕಾರ್ಬ್ಯುರೇಟರಿನ ತೊಟ್ಟಿಯಲ್ಲಿ ಉಳಿದ ಪೆಟ್ರೋಲು ಇಳಿಯುತ್ತ ಹೋದಂತೆ ಎಂಜಿನ್ನು ಮೊದಲು ಸೋಲುತ್ತದೆ, ಎಳೆದಾಡುತ್ತದೆ, ಎಕ್ಸಿಲರೇಟರ್ ಬಿಟ್ಟರೆ ಚೇತರಿಸಿಕೊಳ್ಳುತ್ತದೆ, ಒತ್ತಿದರೆ ಮತ್ತೆ ಸೋಲುತ್ತದೆ. ಚೋಕ್ ಎಳೆದಾಗ ಕೊಂಚ ಜೀವ ಬಂದರಂತೂ ಪೆಟ್ರೋಲಿನ ಕೊರತೆ ಬಹುಪಾಲು ಖಚಿತ, ಇಲ್ಲವೇ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಬಿಸಿಯಾದ ಮೇಲೆ ಮಾತ್ರ ನಿಂತು, ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟಾದರೆ ಸಂಶಯ ಕಾಯಿಲ್, ಕಂಡೆನ್ಸರ್, ಪೆಟ್ರೋಲು ಆವಿಯಾಗುವಿಕೆ ಈ ಮೂರರ ಸುತ್ತ ತಿರುಗುತ್ತದೆ.

ಇಲ್ಲಿಯೇ ಬಹುತೇಕರು ಒಂದು ತಪ್ಪು ಮಾಡುತ್ತಾರೆ. ಗಾಡಿ ನಿಂತೊಡನೆ ಇಳಿದು ಚಹಾ ಕುಡಿದು, ಆರಿದ ಮೇಲೆ ಸ್ಟಾರ್ಟ್ ಮಾಡಿ ಗ್ಯಾರೇಜಿಗೆ ತರುತ್ತಾರೆ. ಅಷ್ಟರಲ್ಲಿ ಸಾಕ್ಷಿಯೇ ಕರಗಿಹೋಗಿರುತ್ತದೆ. ನಿಂತ ಮೊದಲ ನಿಮಿಷದಲ್ಲಿ ಎರಡು ಕೆಲಸ ಮಾಡಬೇಕು. ಕಾರ್ಬ್ಯುರೇಟರಿನ ಮೇಲಿನ ಗಾಳಿಯ ಕೊಳವೆ ಕಳಚಿ, ಇಗ್ನಿಷನ್ ಆರಿಸಿ, ಗಂಟಲೊಳಗೆ ಇಣುಕುತ್ತ ಎಕ್ಸಿಲರೇಟರ್ ಕಡ್ಡಿ ಒತ್ತಬೇಕು. ಪೆಟ್ರೋಲಿನ ಸಣ್ಣ ಚಿಲುಮೆ ಚಿಮ್ಮಿದರೆ ತೊಟ್ಟಿಯಲ್ಲಿ ಪೆಟ್ರೋಲಿದೆ, ಒಣಗಿದ್ದರೆ ಇಲ್ಲ. ಆಮೇಲೆ ಗಾಳಿಯ ಕೊಳವೆ ಮರಳಿ ಕೂರಿಸಿ, ಪೆಟ್ರೋಲಿನ ವಾಸನೆ ಆರಿದ ಮೇಲೆ, ಡೆಲ್ಕೋ ಎಂದು ಕರೆಯುವ ಡಿಸ್ಟ್ರಿಬ್ಯೂಟರಿನಿಂದ ಕಾಯಿಲಿನ ದಪ್ಪ ವೈರು ಕಿತ್ತು, ಒಣಬಟ್ಟೆಯಲ್ಲೋ ರಬ್ಬರ್ ಹಿಡಿಕೆಯ ಇಕ್ಕಳದಲ್ಲೋ ಹಿಡಿದು, ಬ್ಲಾಕಿನಿಂದ ಐದಾರು ಮಿಲಿಮೀಟರ್ ದೂರ ಇಟ್ಟು ಸೆಲ್ಫ್ ಹೊಡೆಸಬೇಕು. ಕಾರ್ಬ್ಯುರೇಟರಿನಿಂದ ಆದಷ್ಟು ದೂರದಲ್ಲಿ. ಕಿಡಿ ನೀಲಿಯಾಗಿ ಚಟಚಟ ಎಂದು ಹಾರಬೇಕು. ಹಳದಿ, ಸಣಕಲು, ಬಿಟ್ಟುಬಿಟ್ಟು ಬರುವ ಕಿಡಿ ಎಂದರೆ ಕಾಯಿಲೆ ಸಿಕ್ಕಿತೆಂದೇ ಅರ್ಥ. ಈ ಎರಡು ನೋಟಗಳಿಂದ ಇಪ್ಪತ್ತು ಕಾರಣಗಳು ಎಂಟಾಗುತ್ತವೆ.

ನನ್ನ ಜೀಪು ಗೊಣಗಿ ನಿಲ್ಲುವ ಜಾತಿ. ಭಾಯ್ ಮುಂದಿನ ಹೆಜ್ಜೆಯಾಗಿ ಒಂದು ಲೀಟರಿನ ಬಾಟಲಿಯ ಮುಚ್ಚಳಕ್ಕೆ ಪೈಪು ಕೂರಿಸಿ, ಗಾಳಿಯಾಡಲು ಇನ್ನೊಂದು ಸಣ್ಣ ತೂತು ಮಾಡಿ, ಗಾಳಿಗಾಜಿನ ಚೌಕಟ್ಟಿಗೆ ಭದ್ರವಾಗಿ ಕಟ್ಟಿ, ಪೈಪನ್ನು ನೇರ ಕಾರ್ಬ್ಯುರೇಟರಿಗೆ ಕೊಟ್ಟರು. ಪೈಪು ಸೈಲೆನ್ಸರಿನ ಕಡೆಗೆ ಸುಳಿಯದಂತೆ ತಂತಿಯಿಂದ ಬಿಗಿದರು. ಕೈಗೆ ಸಿಗುವಂತೆ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡರು. ಅದಿಲ್ಲದೆ ಈ ಪರೀಕ್ಷೆಯನ್ನು ಯಾರೂ ಮಾಡಬಾರದು. ಹತ್ತಿರದ ಏರಿನಲ್ಲಿ ಎರಡನೇ ಗೇರಿನಲ್ಲಿ ಜಗ್ಗಿ ಹತ್ತಿಸಿದೆವು. ಜೀಪು ಒಮ್ಮೆಯೂ ತಡವರಿಸಲಿಲ್ಲ. ಅಂದರೆ ಕಾರ್ಬ್ಯುರೇಟರ್, ಕಿಡಿ, ವಾಲ್ವು, ರಿಂಗು ಎಲ್ಲ ಒಂದೇ ಏಟಿಗೆ ನಿರಪರಾಧಿಗಳು. ತಪ್ಪು ಟ್ಯಾಂಕಿನಿಂದ ಕಾರ್ಬ್ಯುರೇಟರಿನ ತನಕದ ಎರಡು ಮೀಟರಿನಲ್ಲಿದೆ. ಬೋರಿಗೆ ಅಂತ ನಾನು ಕೂಡಿಸಿಟ್ಟಿದ್ದ ಹಣ ಆ ಕ್ಷಣ ಉಳಿಯಿತು.

ಆ ಎರಡು ಮೀಟರಿನಲ್ಲಿ ಸಿಕ್ಕದ್ದು ಚಾಸಿಯ ಕಬ್ಬಿಣದ ಪೈಪಿಗೂ ಪೆಟ್ರೋಲು ಹೀರುವ ಎ.ಸಿ. ಪಂಪಿಗೂ ನಡುವಿನ ಗೇಣುದ್ದದ ರಬ್ಬರ್ ಪೈಪು. ವರ್ಷದ ಹಿಂದಷ್ಟೇ ಹಾಕಿಸಿದ್ದು, ಹೊರಮೈ ಹೊಚ್ಚಹೊಸದರಂತೆ ಮಿನುಗುತ್ತಿತ್ತು. ಭಾಯ್ ಅದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನನ್ನ ಅಂಗೈಯಲ್ಲಿಟ್ಟರು. ಒಳಪದರ ಉಬ್ಬಿ, ಮೆತ್ತಗಾಗಿ, ಒಂದು ಕಡೆ ಗೋಡೆಯಿಂದ ಬಿಟ್ಟು ನಾಲಗೆಯಂತೆ ಜೋತುಬಿದ್ದಿತ್ತು. ನಿಧಾನಕ್ಕೆ ಓಡುವಾಗ ಪೆಟ್ರೋಲು ಅದರ ಪಕ್ಕದಿಂದ ನುಸುಳುತ್ತಿತ್ತು. ಏರಿನಲ್ಲಿ ಪಂಪು ಜೋರಾಗಿ ಹೀರಿದಾಗ ಆ ನಾಲಗೆ ಬಾಗಿ ಬಾಯಿ ಮುಚ್ಚುತ್ತಿತ್ತು. ಗಾಡಿ ನಿಂತು ಹೀರುವಿಕೆ ನಿಂತೊಡನೆ ಮತ್ತೆ ತೆರೆದುಕೊಳ್ಳುತ್ತಿತ್ತು. ನಾಲ್ಕು ತಿಂಗಳ ಕಾಟಕ್ಕೆ ಕಾರಣ ಅಷ್ಟು ಚಿಕ್ಕದು.

ಪಂಪಿಗಿಂತ ಹಿಂದಿನ ಭಾಗದ ಈ ಗುಣವನ್ನು ನೆನಪಿಡಬೇಕು. ಅಲ್ಲಿ ಇರುವುದು ಒತ್ತಡವಲ್ಲ, ಹೀರಿಕೆ. ಅಲ್ಲಿನ ಬಿರುಕಿನಿಂದ ಪೆಟ್ರೋಲು ಹೊರಗೆ ತೊಟ್ಟಿಕ್ಕದೇ ಇರಬಹುದು, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಕಲೆ ಇಲ್ಲವೆಂದು ಪೈಪು ಸರಿಯಿದೆ ಎನ್ನಲಾಗದು. ಟ್ಯಾಂಕಿನ ಮುಚ್ಚಳವೂ ಇದೇ ಸಾಲಿನದು. ಗಾಳಿ ಒಳಬರುವ ಕಿಂಡಿ ಇಲ್ಲದ ಬೇರೆ ಗಾಡಿಯ ಬೀಗದ ಮುಚ್ಚಳ ಹಾಕಿಸಿದರೆ, ಪೆಟ್ರೋಲು ಇಳಿದಂತೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪಂಪು ಸೋಲುತ್ತದೆ. ನಿಂತಾಗ ಮುಚ್ಚಳ ತಿರುಗಿಸಿದರೆ ಬುಸ್ ಎನ್ನುವ ಸದ್ದೇ ತೀರ್ಪು. ಹೊರಗೆ ತಿಂಗಳುಗಟ್ಟಲೆ ನಿಂತ ಗಾಡಿಗಳ ಗಾಳಿಕೊಳವೆಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟುವುದೂ ಉಂಟು. ಕೋಗಿಲು ಕೆರೆಯ ಕಡೆ ತೋಟದಲ್ಲಿ ನಿಲ್ಲಿಸುವವರು ಬೇಸಿಗೆಯಲ್ಲಿ ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಇನ್ನು ಹಳೆಯ ಟ್ಯಾಂಕಿನ ತುಕ್ಕಿನ ಚೂರುಗಳು, ಎ.ಸಿ. ಪಂಪಿನ ಗಾಜಿನ ಬಟ್ಟಲಿನ ತಳದಲ್ಲಿ ಕೂರುವ ಕೆಸರು, ಹರಿದ ಡಯಾಫ್ರಾಮ್ ಇವನ್ನು ಎಲ್ಲರೂ ಬಲ್ಲರು. ಡಯಾಫ್ರಾಮ್ ಹರಿದಾಗ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿದ್ದರೆ, ಪೆಟ್ರೋಲಿನ ವಾಸನೆ ಬಂದರೆ ಗಾಡಿ ಓಡಿಸಬೇಡಿ. ಬೇರಿಂಗುಗಳು ಹೋಗುತ್ತವೆ.

ಆ ಒಳಪದರ ಒಂದೇ ವರ್ಷದಲ್ಲಿ ಉಬ್ಬಿದ್ದೇಕೆ? ಇಲ್ಲಿ ನಮ್ಮ ಕಾಲದ ದೊಡ್ಡ ಚರ್ಚೆ ಬರುತ್ತದೆ. 2022ರಲ್ಲಿ ದೇಶದ ಪೆಟ್ರೋಲಿಗೆ ಎಥನಾಲ್ ಬೆರಕೆ ಶೇ. 10 ಮುಟ್ಟಿತು. 2023ರಿಂದ ಶೇ. 20ರ ಪೆಟ್ರೋಲು ಬಂಕುಗಳಿಗೆ ಬರತೊಡಗಿ 2025ರ ಹೊತ್ತಿಗೆ ಸಾಮಾನ್ಯವಾಯಿತು. ಕಬ್ಬು ಬೆಳೆಯುವ ನಮ್ಮ ರಾಜ್ಯದ ರೈತರ ಹಿತ ಇದರಲ್ಲಿ ಇದೆಯೆಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅರ್ಧ ಶತಮಾನದ ಹಿಂದಿನ ಗಾಡಿಯ ರಬ್ಬರ್ ಆ ದ್ರವಕ್ಕಾಗಿ ಮಾಡಿದ್ದಲ್ಲ. ಎಥನಾಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೆಯ ಗೋಂದನ್ನು ಬಿಡಿಸಿ ಜೆಟ್ಟಿಗೆ ಕಳಿಸುತ್ತದೆ, ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ನೀರು ಹೆಚ್ಚು ಸೇರಿದರೆ ಎಥನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ತಳ ಸೇರುತ್ತವೆ. ಪಂಪು ಮೊದಲು ಎಳೆಯುವುದು ಆ ತಳದ್ದನ್ನೇ.

ಶಕ್ತಿಯ ಲೆಕ್ಕವೂ ಇದೆ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ. ಶೇ. 20ರ ಬೆರಕೆಯಲ್ಲಿ ಒಟ್ಟು ಶೇ. 7ರಷ್ಟು ಇಳಿಕೆ. ಅದಕ್ಕಿಂತ ಮುಖ್ಯ ಗಾಳಿಯ ಪ್ರಮಾಣ. ಶುದ್ಧ ಪೆಟ್ರೋಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಜೆಟ್ಟು ಬದಲಾಗದ ಕಾರ್ಬ್ಯುರೇಟರಿಗೆ ಈ ಬೆರಕೆ ಕೊಟ್ಟರೆ ಮಿಶ್ರಣ ತೆಳುವಾಗುತ್ತದೆ: ಬೆಳಗ್ಗೆ ಸ್ಟಾರ್ಟಿಂಗ್ ತ್ರಾಸ, ಎಕ್ಸಿಲರೇಟರ್ ಒತ್ತಿದೊಡನೆ ಒಂದು ಜರ್ಕು, ಪ್ಲಗ್ಗಿನ ತುದಿ ಬಿಳಿಚು. ಇದಕ್ಕೆ ಒಂದು ಹೆಜ್ಜೆ ದೊಡ್ಡ ಜೆಟ್ಟು ಸಮಂಜಸ ಪರಿಹಾರ. ಪೈಪುಗಳನ್ನು ಎಥನಾಲ್ ತಡೆಯುವ ಒಳಪದರದವುಗಳಿಗೆ ಬದಲಿಸಬೇಕು. ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂದು ಅಚ್ಚಾದವು ಸಿಗುತ್ತವೆ. ಬೆಲೆ ಹೆಚ್ಚು, ಆದರೆ ಇಡೀ ಗಾಡಿಗೆ ಬೇಕಾಗುವುದು ಒಂದು ಮೀಟರಿನಷ್ಟು. ಎಥನಾಲಿನ ಮೇಲೆ ಎಲ್ಲ ಅಪರಾಧ ಹೊರಿಸುವವರ ಮಾತನ್ನೂ, ಏನೂ ಆಗುವುದಿಲ್ಲ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅದು ಎಂಜಿನ್ನನ್ನು ಕೊಲ್ಲುವುದಿಲ್ಲ, ನಿರ್ಲಕ್ಷಿತ ರಬ್ಬರನ್ನು ಕೊಲ್ಲುತ್ತದೆ. ದುಬಾರಿ ಹೆಚ್ಚು ಆಕ್ಟೇನಿನ ಪೆಟ್ರೋಲು ಹಾಕಿದರೆ ಪಿಕಪ್ ಬರುತ್ತದೆ ಎಂಬ ನಂಬಿಕೆಗಂತೂ ಆಧಾರವಿಲ್ಲ. ಮೂಲ ಜೀಪಿನ ಕಂಪ್ರೆಷನ್ ಅನುಪಾತ ಆರೂವರೆಯಷ್ಟೇ. ಬಂಕಿನ ಸಾಮಾನ್ಯ ಪೆಟ್ರೋಲೇ ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು.

ಮಾರ್ಚ್, ಏಪ್ರಿಲ್ ಮಧ್ಯಾಹ್ನ ಹೆಬ್ಬಾಳದ ಜಾಮಿನಲ್ಲಿ ಅರ್ಧ ಗಂಟೆ ತೆವಳಿದ ಜೀಪು ಎಸ್ಟೀಮ್ ಮಾಲ್ ದಾಟುವಷ್ಟರಲ್ಲಿ ಸುಸ್ತಾದರೆ ಅದು ಪೆಟ್ರೋಲು ಪೈಪಿನೊಳಗೇ ಆವಿಯಾದದ್ದಿರಬಹುದು. ಇಂದಿನ ಪೆಟ್ರೋಲು ಒತ್ತಡದಲ್ಲಿ ಹರಿಯುವ ಇಂಜೆಕ್ಷನ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ತಯಾರಾದದ್ದು. ಬಿಸಿ ಎಂಜಿನ್ನಿಗೆ ಅಂಟಿಕೊಂಡ ಹಳೆಯ ಪಂಪಿನ ಹೀರಿಕೆಯಲ್ಲಿ ಅದು ಬೇಗ ಕುದಿಯುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತುವ ಡ್ರೈವರುಗಳ ಹಳೆಯ ಉಪಾಯ ಶಾಸ್ತ್ರಬದ್ಧವೇ. ಪೈಪನ್ನು ಸೈಲೆನ್ಸರಿನಿಂದ ದೂರ ಎಳೆಯುವುದು, ಕಾರ್ಬ್ಯುರೇಟರಿನ ಕೆಳಗಿನ ದಪ್ಪ ಶಾಖತಡೆ ಗ್ಯಾಸ್ಕೆಟ್ಟನ್ನು ಮರಳಿ ಹಾಕುವುದು ಶಾಶ್ವತ ಮದ್ದು. ಹಿಂದಿನ ಮೆಕ್ಯಾನಿಕ್ ಆ ಗ್ಯಾಸ್ಕೆಟ್ಟನ್ನು ತೆಗೆದು ಎಸೆದಿರುವ ಸಂಭವ ಹೆಚ್ಚು. ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪು ಕೂರಿಸುವುದನ್ನು ಹಲವರು ಮೆಚ್ಚುತ್ತಾರೆ. ನನ್ನ ಆಕ್ಷೇಪವಿಲ್ಲ, ಎರಡು ಷರತ್ತುಗಳಿವೆ. ಹಳೆಯ ಕಾರ್ಬ್ಯುರೇಟರಿಗೆ ಬೇಕಾದ ಒತ್ತಡ ಮೂರ್ನಾಲ್ಕು ಪೌಂಡು ಮಾತ್ರ. ಇಂಜೆಕ್ಷನ್ ಕಾರಿನ ಪಂಪು ಹಾಕಿದರೆ ಸೂಜಿವಾಲ್ವು ಸೋತು ಪೆಟ್ರೋಲು ಉಕ್ಕಿ ಬೆಂಕಿಗೆ ದಾರಿ. ಮತ್ತೆ, ಎಂಜಿನ್ನು ನಿಂತೊಡನೆ ಪಂಪೂ ನಿಲ್ಲುವ ಸ್ವಿಚ್ಚು ಇರಲೇಬೇಕು.

ಪಟ್ಟನೆ ನಿಲ್ಲುವ ಗಾಡಿಗೆ ಬಾಟಲಿಯ ಬದಲು ಒಂದು ವೈರು ಸಾಕು. ಬ್ಯಾಟರಿಯಿಂದ ಕಾಯಿಲಿಗೆ ನೇರ ವೈರು ಕೊಟ್ಟು ಓಡಿಸಿ. ಕಾಯಿಲಿಗೆ ಮುಂಚೆ ರೆಸಿಸ್ಟರ್ ಇರುವ ಗಾಡಿಯಲ್ಲಿ ಆ ರೆಸಿಸ್ಟರಿನ ಮೂಲಕವೇ ಕೊಡಿ. ಗಾಡಿ ಚೆನ್ನಾಗಿ ಓಡಿದರೆ ತಪ್ಪು ಕೀ ಸ್ವಿಚ್ಚಿನಲ್ಲೋ, ಡ್ಯಾಶ್‌ಬೋರ್ಡಿನ ಆಮೀಟರಿನ ಸಡಿಲ ನಟ್ಟಿನಲ್ಲೋ ಇದೆ. ಹಳೆಯ ಜೀಪುಗಳಲ್ಲಿ ಹೆಚ್ಚುಕಡಿಮೆ ಎಲ್ಲ ವಿದ್ಯುತ್ತೂ ಆ ಆಮೀಟರನ್ನು ಹಾದೇ ಹೋಗಬೇಕು. ಪರೀಕ್ಷೆ ಮುಗಿದೊಡನೆ ವೈರು ಕಿತ್ತುಬಿಡಿ. ಎಂಜಿನ್ನು ನಿಂತಾಗ ಅದು ಉಳಿದರೆ ಕಾಯಿಲ್ ಸುಟ್ಟುಹೋಗುತ್ತದೆ. ನೇರ ವೈರಿನಲ್ಲೂ ನಿಂತರೆ ಡೆಲ್ಕೋದ ಒಳಗೆ ನೋಡಬೇಕು. ಪಾಯಿಂಟಿನ ಅಂತರ ಇಂಚಿನ ಸಾವಿರದಲ್ಲಿ 20 ಪಾಲು, ಅಂದರೆ ಅರ್ಧ ಮಿಲಿಮೀಟರ್. ಪಾಯಿಂಟಿನ ಮುಖ ಪದೇ ಪದೇ ಸುಟ್ಟರೆ ಕಂಡೆನ್ಸರ್ ಸರಿಯಿಲ್ಲ. ಇಂದು ಸಿಗುವ ಅಗ್ಗದ ಕಂಡೆನ್ಸರುಗಳು ತಣ್ಣಗಿದ್ದಾಗ ಪರೀಕ್ಷೆಯಲ್ಲಿ ಪಾಸಾಗಿ, ಬಿಸಿಯಾದಾಗ ಕೈಕೊಡುತ್ತವೆ. ಹಳೆಯ ಗಾಡಿಯಿಂದ ಬಿಚ್ಚಿದ ಒಳ್ಳೆಯ ಕಂಡೆನ್ಸರ್ ಸಿಕ್ಕರೆ ಅದನ್ನು ಟೂಲ್ ಬಾಕ್ಸಿನಲ್ಲಿ ಜೋಪಾನವಾಗಿಡಿ. ಡೆಲ್ಕೋದ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಬುಷ್ ಸವೆದು ಶಾಫ್ಟ್ ಆಡುತ್ತಿದ್ದರೆ ಪಾಯಿಂಟಿನ ಅಂತರ ಎಷ್ಟು ಸಲ ಇಟ್ಟರೂ ನಿಲ್ಲದು. ಪಾಯಿಂಟು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವವರು ಮೊದಲು ಈ ಬುಷ್ ಬದಲಿಸಲಿ. ಕಾಡಿನ ನಡುವೆ ಕೆಟ್ಟರೆ ಪಾಯಿಂಟನ್ನು ಉಗುರಿನ ಅರದಿಂದ ಉಜ್ಜಿ ಮನೆ ಸೇರಬಹುದು, ಎಲೆಕ್ಟ್ರಾನಿಕ್ ಮಾಡ್ಯೂಲಿಗೆ ಹಾಗಿಲ್ಲ. ದೂರ ಹೋಗುವವರಿಗೆ ನನ್ನ ಮತ ಪಾಯಿಂಟಿಗೇ.

ಬಾಟಲಿ, ವೈರು ಎರಡರಲ್ಲೂ ಸೋತ ಮೇಲಷ್ಟೇ ಎಂಜಿನ್ನಿನ ಒಡಲಿನ ಮಾತು. ಇಲ್ಲಿ ಬೆಂಗಳೂರಿನವರಿಗೆ ಒಂದು ಲೆಕ್ಕ ಗೊತ್ತಿರಬೇಕು. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 10ರಷ್ಟು ಕಡಿಮೆ. 1,478 ಮೀಟರಿನ ನಂದಿ ಬೆಟ್ಟದ ನೆತ್ತಿಯಲ್ಲಿ ಶೇ. 16ರಷ್ಟು ಕಡಿಮೆ. 60 ಅಶ್ವಶಕ್ತಿಯ ವಿಲ್ಲೀಸ್, ಏನೂ ಕೆಟ್ಟಿರದಿದ್ದರೂ, ಕೋಗಿಲಿನಲ್ಲಿ 54, ಬೆಟ್ಟದ ಮೇಲೆ 50ರಷ್ಟಾಗುತ್ತದೆ. ಅದು ಕಾಯಿಲೆಯಲ್ಲ, ಭೂಗೋಳ. ಕೈಪಿಡಿಯ ಸಂಖ್ಯೆಗಳೆಲ್ಲ ಸಮುದ್ರಮಟ್ಟದವು. ವ್ಯಾಕ್ಯೂಮ್ ಗೇಜು ಆರೋಗ್ಯವಂತ ಎಂಜಿನ್ನಿನಲ್ಲಿ 17ರಿಂದ 21 ಇಂಚು ತೋರಿಸಬೇಕೆಂದು ಪುಸ್ತಕ ಹೇಳಿದರೆ ನಮ್ಮಲ್ಲಿ ಮೂರು ಕಳೆಯಬೇಕು. ಕಂಪ್ರೆಷನ್ ಪೌಂಡಿನಲ್ಲಿ 110ರ ಆಸುಪಾಸು ಎಂದಿದ್ದರೆ ಇಲ್ಲಿ 100 ಬಂದರೂ ಸರಿಯೇ. ಈ ಕಳೆಯುವ ಲೆಕ್ಕ ಮಾಡದೆ ಒಳ್ಳೆಯ ಎಂಜಿನ್ನಿಗೆ ರಿಂಗು ಹಾಕಿಸಿದವರು ಇದ್ದಾರೆ. ನೋಡಬೇಕಾದದ್ದು ನಾಲ್ಕೂ ಸಿಲಿಂಡರಿನ ನಡುವಿನ ವ್ಯತ್ಯಾಸ. ಒಂದು ಮಾತ್ರ ತೀರಾ ಕೆಳಗಿದ್ದರೆ ಅದರೊಳಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು, ಏರದಿದ್ದರೆ ವಾಲ್ವು. ವಾಲ್ವು ಎಂದೊಡನೆ ಹೆಡ್ಡು ಇಳಿಸಬೇಕಿಲ್ಲ. ಎಷ್ಟೋ ಸಲ ಟ್ಯಾಪೆಟ್ ಅಂತರ ಮುಚ್ಚಿಹೋಗಿ, ಬಿಸಿಯಾದಾಗ ವಾಲ್ವು ಪೂರ್ತಿ ಕೂರದೆ ಶಕ್ತಿ ಸೋರುತ್ತಿರುತ್ತದೆ. ಒಂದು ಸಂಜೆಯ ಟ್ಯಾಪೆಟ್ ಸೆಟ್ಟಿಂಗಿನಲ್ಲಿ ಮರಳಿ ಬರುವ ಪಿಕಪ್ ಅದು.

ಎತ್ತರದ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ತೆಳುಗಾಳಿಯಲ್ಲಿ ಕಾರ್ಬ್ಯುರೇಟರ್ ಮಿಶ್ರಣ ತಾನಾಗಿ ಕೊಂಚ ದಟ್ಟವಾಗುತ್ತದೆ, ಎಥನಾಲ್ ಅದನ್ನು ತೆಳುಮಾಡುತ್ತದೆ. ನಮ್ಮ ಪ್ರಸ್ಥಭೂಮಿಯಲ್ಲಿ ಇವೆರಡೂ ಒಂದಿಷ್ಟು ಸರಿದೂಗುತ್ತವೆ. ಹಾಗಾಗಿ ಜೆಟ್ಟು ಬದಲಿಸುವ ತುರ್ತು ಕರಾವಳಿಯ ಜೀಪಿಗೆ ಹೆಚ್ಚು, ಯಲಹಂಕದ ಜೀಪಿಗೆ ಕಡಿಮೆ.

ಸೈಲೆನ್ಸರನ್ನು ಯಾರೂ ಸಂಶಯಿಸುವುದಿಲ್ಲ. ಕಲ್ಲಿಗೆ ತಾಗಿ ಜಜ್ಜಿದ ಪೈಪು, ಒಳಗೇ ಕಳಚಿದ ತಗಡು ಎಂಜಿನ್ನಿನ ಉಸಿರು ಹೊರಹೋಗದಂತೆ ತಡೆಯುತ್ತವೆ. ಎಂಜಿನ್ನನ್ನು ಹೆಚ್ಚಿನ ವೇಗದಲ್ಲಿ ಹಿಡಿದಾಗ ವ್ಯಾಕ್ಯೂಮ್ ಗೇಜಿನ ಮುಳ್ಳು ನಿಧಾನವಾಗಿ ಇಳಿಯುತ್ತ ಹೋದರೆ ಅಲ್ಲೇ ನೋಡಬೇಕು.

ಮಡಿಕೇರಿಯ ಬಳಿ ಮಾಂದಲಪಟ್ಟಿಗೆ, ಸಂಸೆಯಿಂದ ಮುಳ್ಳೋಡಿಗೆ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳು ಹೆಚ್ಚಾಗಿ ಡೀಸೆಲ್. ಅಲ್ಲಿ ಕಿಡಿಯ ತಾಪತ್ರಯವೇ ಇಲ್ಲ. ಇರುವುದು ಮುಖ್ಯವಾಗಿ ಒಂದು ಶತ್ರು: ಗಾಳಿ. ‘ಏರ್ ಹಿಡಿದಿದೆ’ ಎಂದರೆ ಡೀಸೆಲ್ ಪೈಪಿನೊಳಗೆ ಗಾಳಿಗುಳ್ಳೆ ಸೇರಿದೆ. ಗುಳ್ಳೆಯನ್ನು ಎಷ್ಟು ಅದುಮಿದರೂ ನಾಝಲ್ ತೆರೆಯುವ ಒತ್ತಡ ಹುಟ್ಟುವುದಿಲ್ಲ. ಫಿಲ್ಟರಿನ ಬಳಿ ಒಂದು ಗೇಣು ಪಾರದರ್ಶಕ ಪೈಪು ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆಗಳ ಮೆರವಣಿಗೆ ಕಣ್ಣಿಗೇ ಕಾಣುತ್ತದೆ. ತಾಮ್ರದ ವಾಷರನ್ನು ಹಳೆಯದನ್ನೇ ಮತ್ತೆ ಬಿಗಿಯುವ ಉಳಿತಾಯವೇ ಬಹಳ ಸಲ ಇದರ ಮೂಲ. ಕಪ್ಪು ಹೊಗೆ ಗಾಳಿಯ ಕೊರತೆಯನ್ನೋ ಕೆಟ್ಟ ನಾಝಲನ್ನೋ ಹೇಳುತ್ತದೆ, ನೀಲಿ ಹೊಗೆ ಆಯಿಲ್ ಉರಿಯುವುದನ್ನು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಉರಿಯದ ಡೀಸೆಲನ್ನೋ ಒಳಸೇರಿದ ನೀರನ್ನೋ. ಈ ವಿದ್ಯೆಯಲ್ಲಿ ಬೆಂಗಳೂರಿಗೆ ತನ್ನದೇ ಪರಂಪರೆ ಇದೆ. 1951ರಲ್ಲಿ ಆರಂಭವಾದ ಮೈಕೋ, ಈಗಿನ ಬಾಷ್, ಆಡುಗೋಡಿಯ ಕಾರ್ಖಾನೆಯಿಂದ ದೇಶದ ಡೀಸೆಲ್ ಗಾಡಿಗಳಿಗೆ ಪಂಪು, ನಾಝಲ್ ಕೊಟ್ಟಿತು. ಪಂಪನ್ನು ಬೆಂಚಿನ ಮೇಲಿಟ್ಟು ಒಂದೊಂದು ಸಿಲಿಂಡರಿಗೆ ಎಷ್ಟು ಹನಿ ಹೋಗುತ್ತದೆಂದು ಅಳೆಯಬಲ್ಲ ಕೈಗಳು ಈ ಊರಿನಲ್ಲಿ ಇನ್ನೂ ಇವೆ. ಪಂಪನ್ನು ಗಾಡಿಯಲ್ಲೇ ಸ್ಕ್ರೂ ತಿರುಗಿಸಿ ‘ಪವರ್ ಹೆಚ್ಚಿಸಿ’ ಎನ್ನುವವರ ಕೈಗೆ ಕೊಡಬೇಡಿ.

ಜಿಪ್ಸಿಗಳಲ್ಲಿ ಕಾರ್ಬ್ಯುರೇಟರ್ ಮಾದರಿಗೆ ಮೇಲಿನ ಮಾತೆಲ್ಲ ಅನ್ವಯ, ಜೊತೆಗೆ ಒಡೆದ ವ್ಯಾಕ್ಯೂಮ್ ಪೈಪುಗಳ ಕಾಟ. ಸ್ಲೋದಲ್ಲಿ ಮಾತ್ರ ಆಫ್ ಆಗುವ ಜಿಪ್ಸಿಯಲ್ಲಿ ಕಾರ್ಬ್ಯುರೇಟರಿನ ಸಣ್ಣ ವಿದ್ಯುತ್ ಕವಾಟದ ವೈರು ಕಳಚಿದೆಯೇ ನೋಡಿ. ಕೀ ತಿರುಗಿಸಿದಾಗ ‘ಟಿಕ್’ ಎನ್ನಬೇಕು. ಇಂಜೆಕ್ಷನ್ ಮಾದರಿಯಲ್ಲಿ ಟ್ಯಾಂಕಿನ ಪಂಪು, ಸೆನ್ಸರಿನ ಪ್ಲಗ್ಗು, ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿ ಈ ಕ್ರಮದಲ್ಲಿ ನೋಡಿದರೆ ದಿನ ಉಳಿಯುತ್ತದೆ. ಜೋಂಗಾದ ಆರು ಸಿಲಿಂಡರ್ ಎಂಜಿನ್ನು ಬಲು ಗಟ್ಟಿ, ಅದರ ಕಷ್ಟವೆಲ್ಲ ಸಾಮಾನಿನದು.

ಸಾಮಾನಿಗೆ ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಈಗಲೂ ಗತಿ. ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಹೋಗಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗದು. ಹೊಸ ಭಾಗವೇ ಕೆಟ್ಟದ್ದಾಗಿದ್ದರೆ ಒಂದು ಕಾಯಿಲೆ ಎರಡಾಗುತ್ತದೆ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇನೆ: ನಿಂತ ಜಾಗ, ಗೇರು, ಬಿಸಿಲೋ ಮಳೆಯೋ, ಟ್ಯಾಂಕಿನಲ್ಲಿ ಎಷ್ಟಿತ್ತು, ಪಟ್ಟನೆಯೋ ಗೊಣಗಿಯೋ. ಮೊದಲ ನಾಲ್ಕು ಸಲದ ಟಿಪ್ಪಣಿ ಮೊದಲೇ ಇದ್ದಿದ್ದರೆ, ನಾಲ್ಕೂ ಸಲ ಏರಿನಲ್ಲೇ, ನಾಲ್ಕೂ ಸಲ ಎಕ್ಸಿಲರೇಟರ್ ಪೂರ್ತಿ ಒತ್ತಿದಾಗಲೇ ನಿಂತದ್ದು ನನಗೇ ಕಾಣುತ್ತಿತ್ತು.

ಭಾಯ್ ಈಗ ಗ್ಯಾರೇಜಿಗೆ ದಿನವೂ ಬರುವುದಿಲ್ಲ, ಮೊಣಕಾಲು ನೋವು. ಅವರ ಮಗಳ ಮಗ ಬರುತ್ತಾನೆ, ಡಿಪ್ಲೊಮಾ ಓದುತ್ತಿರುವ ಹುಡುಗ. ಕಳೆದ ತಿಂಗಳು ಯಾರದೋ ಎಂಎಂ 540 ಬಂದಾಗ ಅವನು ಪಾನಾ ಎತ್ತಿಕೊಳ್ಳದೆ ಮೊದಲು ಕೇಳಿದ: “ಹೆಂಗೆ ನಿಂತ್ಕೊಂತು ಸಾರ್?” ಸೀಳಿದ ಆ ರಬ್ಬರ್ ಪೈಪು ಅವರ ಷೆಡ್ಡಿನ ಗೋಡೆಯ ಮೊಳೆಗೆ ನೇತಾಡುತ್ತಿದೆ, ಅದರ ಪಕ್ಕದಲ್ಲೇ ಮುಚ್ಚಳಕ್ಕೆ ತೂತು ಹಾಕಿದ ಬಾಟಲಿ.